ಎಂ ಅಂಡ್ ಇ: ನಮ್ಮ ಕಡೆಯ ಸಣ್ಣ ಸಂಸ್ಥೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಅಂಕೋಲಾ, ಕಾರವಾರ, ಜೋಯಿಡಾ ಕಡೆಯ ಸಣ್ಣಪುಟ್ಟ ಸಮಾಜಸೇವಾ ಸಂಸ್ಥೆಗಳವರ ಜೊತೆ ಕೂತು ನಮೂನೆ, ಅಂಕಿ, ವರದಿ ಅಂತ ಗುದ್ದಾಡುವುದು ನನ್ನ ಕೆಲಸ. ಇದಕ್ಕೆ ಎಂ ಅಂಡ್ ಇ ಅನ್ನುತ್ತಾರೆ: ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಶನ್, ಅಂದರೆ ಕೆಲಸದ ಮೇಲೆ ನಿಗಾ ಮತ್ತು ಮೌಲ್ಯಮಾಪನ. ತರಬೇತಿಯ ಚಹಾ ಬಿಡುವಿನಲ್ಲಿ, ಕಾಗದದಲ್ಲಿ, ರಾತ್ರಿ ಹತ್ತಕ್ಕೆ ಬರುವ ವಾಟ್ಸ್‌ಆ್ಯಪ್ ಧ್ವನಿಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತು ಕೇಳಿದ ಹಾಗೇ ಇದೆ. ನಿಮಗೆ ಬೇಕಾದದ್ದನ್ನಷ್ಟೇ ಓದಿಕೊಂಡರೂ ಅಡ್ಡಿಯಿಲ್ಲ.

## ಹೊಸಬರು ಕೇಳುವುದು

ಮಾನಿಟರಿಂಗ್ ಅಂದ್ರೇನು, ಇವ್ಯಾಲ್ಯುಯೇಶನ್ ಅಂದ್ರೇನು? ಎರಡೂ ಒಂದೇ ಅಲ್ವಾ?

ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಅಡಿಕೆಗೆ ಕೊಳೆ ತಾಗದಿರಲಿ ಎಂದು ಮಳೆ ಹಿಡಿಯುವ ಮೊದಲೇ ಶೇ 1ರ ಬೋರ್ಡೋ ಮದ್ದು ಹೊಡೆಸುತ್ತೀರಿ. 40-45 ದಿನ ಬಿಟ್ಟು ಇನ್ನೊಮ್ಮೆ. ಎಲ್ಲ ಮರಕ್ಕೂ ಹೊಡೆದಾಯಿತೇ, ಯಾವ ಮೂಲೆಯಲ್ಲಿ ಕಾಯಿ ಉದುರುತ್ತಿದೆ ಎಂದು ಆಷಾಢದ ಮಳೆಯಲ್ಲಿ ತೋಟ ಸುತ್ತುತ್ತೀರಲ್ಲ, ಅದು ಮಾನಿಟರಿಂಗ್. ಉದುರಿದ್ದು ಕಂಡರೆ ಮರುದಿನವೇ ಏನಾದರೂ ಮಾಡುತ್ತೀರಿ. ಕೊನೆಕೊಯ್ಲು ಮುಗಿದ ಮೇಲೆ ಜಗಲಿಯಲ್ಲಿ ಕೂತು, ಇಷ್ಟು ಖರ್ಚು ಮಾಡಿದ್ದು ಸಾರ್ಥಕವಾಯಿತೇ, ಫಸಲು ಉಳಿದದ್ದು ಮದ್ದಿನಿಂದಲೋ ಅಥವಾ ಈ ವರ್ಷ ಮಳೆಯೇ ಕಡಿಮೆಯಿತ್ತೋ ಎಂದು ಚರ್ಚೆ ಮಾಡುವುದು ಇವ್ಯಾಲ್ಯುಯೇಶನ್.

ತೋಟ ಸುತ್ತದವನಿಗೆ ಜಗಲಿ ಚರ್ಚೆಯಲ್ಲಿ ಹೇಳುವುದಕ್ಕೇನೂ ಇರುವುದಿಲ್ಲ. ನಮ್ಮ ಬಹಳ ಸಂಸ್ಥೆಗಳ ಕಥೆ ಅದೇ: ಎರಡು ವರ್ಷ ಏನೂ ಬರೆದಿಡದೆ, ಮೂರನೇ ವರ್ಷದ ಮಾರ್ಚ್‌ನಲ್ಲಿ ಮೌಲ್ಯಮಾಪನ ಮಾಡುವವರನ್ನು ಹುಡುಕಲು ಹೊರಡುತ್ತವೆ.

ನಮ್ಮದು ಐದು ಜನರ ಸಂಸ್ಥೆ. ಇದೆಲ್ಲ ದೊಡ್ಡವರ ಉಸಾಬರಿ ಅಲ್ವೇನ್ರೀ?

ಐದು ಜನರ ಸಂಸ್ಥೆಯಲ್ಲಿ ಇದು ಸುಲಭ. ಊರಿನಿಂದ ಬಂದ ಕಾರ್ಯಕರ್ತೆ ಸಂಜೆ ಚೀಲ ಇಳಿಸುತ್ತಾ, 'ಇವತ್ತು ಆ ಕೇರಿಯಿಂದ ಒಬ್ಬರೂ ಬರ್ಲಿಲ್ಲ' ಅಂದರೆ ಐದೂ ಜನಕ್ಕೆ ಕೇಳಿಸುತ್ತದೆ. ಅದನ್ನು ಬರೆದಿಡುವುದು, ತಿಂಗಳ ಕೊನೆಗೆ ತೆಗೆದು ಓದುವುದು, ಇಷ್ಟೇ ಬಾಕಿ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಯಾರು ಬಂದರು, ಯಾರು ಬರಲಿಲ್ಲ, ನಾವು ಅಂದುಕೊಂಡದ್ದಕ್ಕಿಂತ ಬೇರೆ ಏನಾಯಿತು: ದಿನಕ್ಕೆ ಈ ಮೂರು ಸಾಲು. ಎರಡನೆಯ ಸಾಲನ್ನು ಬಿಡಬೇಡಿ. ಹಾಜರಿ ಪುಸ್ತಕಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಔಟ್‌ಪುಟ್, ಔಟ್‌ಕಮ್, ಇಂಪ್ಯಾಕ್ಟ್... ತಲೆ ಚಿಟ್ಟು ಹಿಡಿದು ಹೋಗಿದೆ. ಒಂದೇ ಒಂದು ಉದಾಹರಣೆ ಕೊಡಿ.

ಅಸ್ತ್ರ ಒಲೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ಕೇಂದ್ರದಿಂದ ಬಂದ, ಹೊಗೆ ಕೊಳವೆಯ ಒಲೆ. ನಮ್ಮ ಕಡೆ ಹಳೆಯ ಅಡುಗೆಮನೆಗಳಲ್ಲಿ ಇನ್ನೂ ಕಾಣಸಿಗುತ್ತದೆ. ನೂರು ಮನೆಯಲ್ಲಿ ಒಲೆ ಕಟ್ಟಿದಿರಿ: ಅದು ಔಟ್‌ಪುಟ್. ಅದರಲ್ಲಿ ಎಷ್ಟು ಮನೆಯವರು ಆರು ತಿಂಗಳ ನಂತರವೂ ಅದರಲ್ಲೇ ಅನ್ನ ಬೇಯಿಸುತ್ತಿದ್ದಾರೆ: ಅದು ಔಟ್‌ಕಮ್. ವಾರಕ್ಕೆ ಸೌದೆ ಹೊರೆ ಎಷ್ಟು ಕಡಿಮೆಯಾಯಿತು, ಅಡುಗೆ ಮಾಡುವವರ ಕೆಮ್ಮು, ಕಣ್ಣುರಿ ಏನಾಯಿತು: ಅದು ಇಂಪ್ಯಾಕ್ಟ್‌ನ ದಾರಿ.

ಮೊದಲನೆಯದು ನಿಮ್ಮ ಕೈಯಲ್ಲಿದೆ. ಎರಡನೆಯದು ಆ ಮನೆಯ ಹೆಂಗಸಿನ ಕೈಯಲ್ಲಿದೆ. ಒಲೆಯ ಬಾಯಿ ಚಿಕ್ಕದಾಗಿ ದೊಡ್ಡ ಸೌದೆ ಕುಂಟೆ ಹೋಗದಿದ್ದರೆ ಅವಳು ಹಳೇ ಒಲೆಗೇ ಹೋಗುತ್ತಾಳೆ, ನಿಮ್ಮ ವರದಿಯಲ್ಲಿ ನೂರು ನೂರಾಗಿಯೇ ಇರುತ್ತದೆ. ಗೋಬರ್ ಗ್ಯಾಸಿನ ಕಥೆಯೂ ಇಂಥದ್ದೇ: ಶಿರಸಿ ತಾಲೂಕಿನಲ್ಲಿ ಅದು ಬಾಳಿಕೆ ಬಂತು, ಬೇರೆ ಎಷ್ಟೋ ಕಡೆ ಹಾಳು ಗುಂಡಿಯಾಯಿತು. ಕಾರಣ ಹುಡುಕಿದವರಿಗೆ ಸಿಕ್ಕಿದ್ದರಲ್ಲಿ ಒಂದು: ಇಲ್ಲಿ ಕಟ್ಟಿಕೊಟ್ಟವರೇ ಗ್ಯಾರಂಟಿ ಕೊಟ್ಟು, ಕೆಟ್ಟರೆ ಬಂದು ಪುಕ್ಕಟೆ ರಿಪೇರಿ ಮಾಡಿಕೊಡುತ್ತಿದ್ದರು. ಕಟ್ಟಿದ ಮೇಲೆ ಮತ್ತೆ ಹೋಗಿ ನೋಡುವುದು ಅವರ ದಂಧೆಯ ಭಾಗವಾಗಿತ್ತು, ಯಾರೂ ಅದನ್ನು ಎಂ ಅಂಡ್ ಇ ಅನ್ನಲಿಲ್ಲ.

ಎಷ್ಟು ಇಂಡಿಕೇಟರ್ ಇಟ್ಟುಕೊಳ್ಳಬೇಕು?

ಇಂಡಿಕೇಟರ್ ಅಂದರೆ ಕೆಲಸ ಎತ್ತ ಸಾಗಿದೆ ಎಂದು ತೋರಿಸುವ ಅಂಕಿ. ಒಂದು ಕಾರ್ಯಕ್ರಮಕ್ಕೆ ಐದಾರು. ಹತ್ತು ದಾಟಿದರೆ ನನಗೆ ಅನುಮಾನ ಬರುತ್ತದೆ.

ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಶುರುವಿನ ದಿನಗಳಲ್ಲಿ ಘಟ್ಟದ ಮೇಲಿನ ಒಂದು ಸಂಸ್ಥೆಗೆ 64 ಕಾಲಂ ಇರುವ ನಮೂನೆ ಮಾಡಿಕೊಟ್ಟಿದ್ದೆ, ಭಾರೀ ಹೆಮ್ಮೆಯಿಂದ. ನಾಲ್ಕು ತಿಂಗಳ ನಂತರ ಹೋಗಿ ಕಟ್ಟು ಬಿಚ್ಚಿದರೆ, ಸೌದೆ, ಹಾಲು, ಕೂಲಿ ದಿನ ಎಲ್ಲ ಅಂಕಿಯೂ ಸೊನ್ನೆಗೋ ಐದಕ್ಕೋ ಮುಗಿಯುತ್ತಿತ್ತು. ಒಂದೇ ನೀಲಿ ಪೆನ್ನು, ಒಂದೇ ಓಟ. ತುಂಬಿದ ಹುಡುಗಿಯನ್ನು ಕೇಳಿದೆ. 'ಅಕ್ಕೋರೆ, ಮನೆಮನೆಗೆ ಹೋಗಿದ್ದು ಖರೆ. ಮಳೇಲಿ ಪೇಪರ್ ತೋಯ್ತದೆ, ಮಾತಾಡ್ತಾ ಬರೆಯೂಕೆ ಆಗೂದಿಲ್ಲ. ರಾತ್ರಿ ನೆನಪಾದಷ್ಟು ಬರೀತೆ' ಅಂದಳು. ಅವಳ ತಲೆಯಲ್ಲಿದ್ದ ಮಾಹಿತಿ ನನ್ನ ನಮೂನೆಗಿಂತ ಎಷ್ಟೋ ಚೆನ್ನಾಗಿತ್ತು. ಯಾವ ಮನೆಯಲ್ಲಿ ಹಸು ಸತ್ತಿತು, ಯಾರ ಗಂಡ ಗೋವೆಗೆ ಹೋದ, ಎಲ್ಲ ಗೊತ್ತಿತ್ತು. ಕೇಳಲು ನನ್ನ 64 ಕಾಲಂಗಳಲ್ಲಿ ಜಾಗವಿರಲಿಲ್ಲ.

ಈಗ ಪ್ರತಿ ಇಂಡಿಕೇಟರ್ ಮುಂದೆ ಒಂದೇ ಪ್ರಶ್ನೆ ಇಡುತ್ತೇನೆ: ಈ ಅಂಕಿ ಇಳಿದರೆ ಮುಂದಿನ ತಿಂಗಳು ಏನು ಬದಲಿಸುತ್ತೀರಿ? ಉತ್ತರ ಬರದಿದ್ದರೆ ಹೊಡೆದು ಹಾಕಿ. ದಾನಿಗಳು ಕೇಳುತ್ತಾರೆ ಅನ್ನುವುದೊಂದೇ ಕಾರಣವಾದರೆ ಅದನ್ನು ಬೇರೆ ಹಾಳೆಯಲ್ಲಿ ವರ್ಷಕ್ಕೊಮ್ಮೆ ತುಂಬಿ ಕೊಡಿ.

ಬೇಸ್‌ಲೈನ್ ಮಾಡ್ಲೇ ಇಲ್ಲ. ಕೆಲಸ ಶುರುವಾಗಿ ಎಷ್ಟೋ ವರ್ಷ ಆಗಿಹೋಯ್ತು. ಈಗೇನು ಮಾಡೂದು?

ಬೇಸ್‌ಲೈನ್ ಅಂದರೆ ಕೆಲಸ ಶುರುವಾಗುವ ಮೊದಲಿನ ಸ್ಥಿತಿಯ ಲೆಕ್ಕ. ಅದಿಲ್ಲದಿದ್ದರೆ ಮೊದಲು ಹಳೆಯ ದಾಖಲೆ ಹುಡುಕಿ: ಶಾಲೆಯ ಹಾಜರಿ, ಅಂಗನವಾಡಿಯ ತೂಕದ ಪುಸ್ತಕ, ಡೇರಿಯ ಹಾಲಿನ ಲೆಕ್ಕ, ಸ್ವಸಹಾಯ ಸಂಘದ ನಡಾವಳಿ. ನಾವು ಬರುವುದಕ್ಕೆ ಮುಂಚೆಯೂ ಊರು ಲೆಕ್ಕ ಇಟ್ಟುಕೊಂಡೇ ಇತ್ತು.

ಅದೂ ಇಲ್ಲದಿದ್ದರೆ ನೆನಪಿನಿಂದ ಕೇಳಬೇಕು. ಆಗ ಇಸವಿ ಕೇಳಬೇಡಿ. '2019ರಲ್ಲಿ ನಿಮ್ಮ ಆದಾಯ ಎಷ್ಟಿತ್ತು' ಅಂದರೆ ಯಾರಿಗೂ ಹೇಳಲಾಗದು. 'ಕಾಳಿ ನದಿಗೆ ನೆರೆ ಬಂದು ಕದ್ರಾ, ಮಲ್ಲಾಪುರ ಕಡೆ ನೀರು ನುಗ್ಗಿತಲ್ಲ, ಆ ವರ್ಷ' ಅಂದರೆ ಕಾರವಾರದವರಿಗೆ ಥಟ್ಟನೆ ಹೊಳೆಯುತ್ತದೆ. ಶಿರಸಿ ಸೀಮೆಯಲ್ಲಿ ಮಾರಿಕಾಂಬಾ ಜಾತ್ರೆಗಿಂತ ಒಳ್ಳೆಯ ಗುರುತು ಇಲ್ಲ. ಎರಡು ವರ್ಷಕ್ಕೊಮ್ಮೆ ಬರುತ್ತದೆ. 'ಲಾಕ್‌ಡೌನ್‌ಗೆ ಸ್ವಲ್ಪ ಮುಂಚಿನ ಜಾತ್ರೆ' ಅಂದರೆ 2020ರ ಮಾರ್ಚ್, ಅದರಾಚೆಗಿನದು 2022, ಮತ್ತೆ 2024. ಆಗ ಮನೆಯಲ್ಲಿ ಎಷ್ಟು ಹಸು, ಮಗಳು ಎಷ್ಟನೇ ಕ್ಲಾಸು ಎಂಬಂಥ ಎಣಿಸಬಹುದಾದ ಸಂಗತಿ ಕೇಳಿ. ಆದಾಯ, ಊಟದ ಪ್ರಮಾಣ ಇವಕ್ಕೆ ನೆನಪನ್ನು ನಂಬಬೇಡಿ. ವರದಿಯಲ್ಲಿ 'ಇದು ನೆನಪಿನಿಂದ ಪಡೆದ ಬೇಸ್‌ಲೈನ್' ಎಂದು ಬರೆದುಬಿಡಿ, ಅದರಿಂದ ಮರ್ಯಾದೆ ಹೋಗುವುದಿಲ್ಲ.

## ಕೆಲಸಕ್ಕೆ ಇಳಿದವರು ಕೇಳುವುದು

ಪೇಪರೋ, ಮೊಬೈಲೋ?

ನೆಟ್‌ವರ್ಕ್ ಇಲ್ಲ ಅನ್ನುವುದು ಈಗ ಮೊಬೈಲ್ ಬೇಡ ಅನ್ನಲು ಕಾರಣವಾಗದು. ಕೋಬೋ ಟೂಲ್‌ಬಾಕ್ಸ್, ಒಡಿಕೆ ಎಂಬ ಸರ್ವೆ ಆ್ಯಪ್‌ಗಳೆರಡೂ ಜೋಯಿಡಾದ ಕಾಡಿನೊಳಗೆ ಸಿಗ್ನಲ್ ಇಲ್ಲದೆ ನಡೆಯುತ್ತವೆ. ತುಂಬಿದ್ದು ಫೋನಿನಲ್ಲೇ ಉಳಿದು, ಪೇಟೆಗೆ ಬಂದಾಗ ಕಳಿಸಿದರಾಯಿತು. ಕನ್ನಡದಲ್ಲಿ ಪ್ರಶ್ನೆ ಹಾಕಬಹುದು.

ನನಗೆ ಹೆಚ್ಚು ಕಾಳಜಿ ಭಾಷೆಯದು. ಪ್ರಶ್ನಾವಳಿ ಪುಸ್ತಕದ ಕನ್ನಡದಲ್ಲಿರುತ್ತದೆ. ಕಾರವಾರದ ಮೀನುಗಾರರ ಮನೆಯಲ್ಲಿ ಕೊಂಕಣಿ, ಗೌಳಿಗರ ದೊಡ್ಡಿಯಲ್ಲಿ ಮರಾಠಿಯ ಒಂದು ಬಗೆ, ಭಟ್ಕಳದಲ್ಲಿ ನವಾಯತಿ, ಹಾಲಕ್ಕಿಗಳದ್ದು ಅವರದೇ ಕನ್ನಡ. ಪ್ರತಿ ಕಾರ್ಯಕರ್ತರೂ ಬಾಗಿಲಲ್ಲಿ ನಿಂತು ತಮಗೆ ತೋಚಿದಂತೆ ಅನುವಾದ ಮಾಡಿದರೆ ಹತ್ತು ಜನ ಹತ್ತು ಪ್ರಶ್ನೆ ಕೇಳಿದ ಹಾಗೆ. 'ಕುಟುಂಬ' ಅಂದರೆ ಒಂದೇ ಒಲೆಯವರೋ, ಒಂದೇ ಸೂರಿನವರೋ? ಮೊದಲೇ ಒಟ್ಟಿಗೆ ಕೂತು, ಆ ಭಾಷೆಯಲ್ಲಿ ಬಾಯಿಬಿಟ್ಟು ಹೇಳಿ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಒಂದು ದಿನದ ಕೆಲಸ.

ಸರ್ವೆ ಯಾವಾಗ ಮಾಡಿದ್ರೆ ಒಳ್ಳೇದು? ಮಳೆಗಾಲ ಬಿಟ್ಟು ಯಾವಾಗಾದ್ರೂ ಆಗ್ತದಾ?

ಆಗದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವವರ ಮನೆಯಲ್ಲಿ ಮೊದಲ ವರ್ಷ ಜುಲೈನಲ್ಲಿ, ಮರುವರ್ಷ ಅಕ್ಟೋಬರ್‌ನಲ್ಲಿ ಆದಾಯ ಕೇಳಿದರೆ ನೀವು ಏನೂ ಮಾಡದೆಯೇ ಆದಾಯ ಏರಿರುತ್ತದೆ. ಅಂಥ ವರದಿ ನೋಡಿದ್ದೇನೆ, ಕೆಳಗೆ ಬಣ್ಣದ ಗ್ರಾಫೂ ಇತ್ತು. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಹೊತ್ತಿಗೆ ಕೂಲಿಗೆ ತಡೆಯಿಲ್ಲ, ಜನ ಮನೆಯಲ್ಲಿ ಸಿಗುವುದೂ ಇಲ್ಲ. ಮೊದಲ ಸಲ ಯಾವ ತಿಂಗಳು ಮಾಡಿದಿರೋ, ಪ್ರತಿ ವರ್ಷವೂ ಅದೇ ತಿಂಗಳು ಮಾಡಿ.

ಎಷ್ಟು ಮನೆ ಕೇಳಿದ್ರೆ ಸಾಕು? ಶೇಕಡಾ 10 ಅಂತಾರಲ್ಲ?

ಶೇ 10 ಅನ್ನುವುದಕ್ಕೆ ಲೆಕ್ಕದ ಆಧಾರವಿಲ್ಲ. ಉತ್ತರ ಎಷ್ಟು ಬಿಗಿಯಾಗಿರಬೇಕು ಅನ್ನುವುದರ ಮೇಲೆ ಸಂಖ್ಯೆ ನಿಲ್ಲುತ್ತದೆ. 'ಎಷ್ಟು ಶೇಕಡಾ ಮನೆಯವರು' ಎಂಬ ಬಗೆಯ ಪ್ರಶ್ನೆಗೆ, ಶೇ 95 ವಿಶ್ವಾಸದಲ್ಲಿ (ನೂರು ಸಲ ಸರ್ವೆ ಮಾಡಿದರೆ 95 ಸಲ ಸರಿ ಬರುವಂತೆ), ಹೆಚ್ಚುಕಡಿಮೆ 5 ಅಂಶದೊಳಗೆ ಉತ್ತರ ಬೇಕಿದ್ದರೆ ಸುಮಾರು 384 ಮನೆ. 10 ಅಂಶದ ಆಚೀಚೆ ನಡೆಯುತ್ತದೆ ಅಂದರೆ 96. ನಿಮ್ಮ ಇಡೀ ವ್ಯಾಪ್ತಿಯೇ 400 ಮನೆಯಾದರೆ ಇವು 196ಕ್ಕೂ 78ಕ್ಕೂ ಇಳಿಯುತ್ತವೆ. ಒಬ್ಬ ಮೇಲ್ವಿಚಾರಕರ ವ್ಯಾಪ್ತಿಯಲ್ಲಿ ಗುರಿ ಮುಟ್ಟಿತೋ ಇಲ್ಲವೋ ಎಂದಷ್ಟೇ ತಿಳಿಯಬೇಕಿದ್ದರೆ 19 ಮನೆ ಸಾಕಾಗುವ ಪದ್ಧತಿಯೂ ಇದೆ. ಕಾರ್ಖಾನೆಯ ಮಾಲಿನ ಗುಣಮಟ್ಟ ನೋಡುವ ವಿಧಾನದಿಂದ ಹುಟ್ಟಿದ್ದು, ಆರೋಗ್ಯ ಕಾರ್ಯಕ್ರಮಗಳಲ್ಲಿ ಚೆನ್ನಾಗಿ ಬಳಕೆಯಲ್ಲಿದೆ.

ಆದರೆ ನಮ್ಮ ಕಡೆ ಸಂಖ್ಯೆಗಿಂತ ದೊಡ್ಡ ತೊಂದರೆ ಆಯ್ಕೆ. ಮಲೆನಾಡಿನ ಊರೆಂದರೆ ಒಂದು ಮನೆ ಇಲ್ಲಿ, ಇನ್ನೊಂದು ಹಳ್ಳ ದಾಟಿ ಗುಡ್ಡದಾಚೆ. ಬೈಕ್ ನಿಲ್ಲುವ ಜಾಗದ ಹತ್ತು ಮನೆ ಮುಗಿಸಿ ಬಂದರೆ ಯೋಜನೆ ಯಾವಾಗಲೂ ಯಶಸ್ವಿಯೇ. ಎಲ್ಲ ಮನೆಯ ಪಟ್ಟಿ ಮಾಡಿ ಚೀಟಿ ಎತ್ತಿ. ಚೀಟಿಯಲ್ಲಿ ಗುಡ್ಡದಾಚೆಯ ಮನೆ ಬಂದರೆ ಅಲ್ಲಿಗೇ ಹೋಗಬೇಕು. ಬಾಗಿಲು ಹಾಕಿದ್ದರೆ ಇನ್ನೊಂದು ದಿನ, ಪಕ್ಕದ ಮನೆ ಅಲ್ಲ.

ಕಾರ್ಯಕರ್ತರು ಸುಳ್ಳು ತುಂಬ್ತಾರೆ ಅಂತ ಗುಮಾನಿ. ಹೇಗೆ ಹಿಡಿಯೂದು?

ಹಿಡಿಯುವ ವಿಧಾನ ಸರಳ. ತುಂಬಿದ ನೂರರಲ್ಲಿ ಐದರಿಂದ ಹತ್ತು ಮನೆಗೆ ಬೇರೊಬ್ಬರು ಹೋಗಿ ನಾಲ್ಕೇ ಪ್ರಶ್ನೆ ಮತ್ತೆ ಕೇಳುವುದು. ಹೀಗೆ ಮಾಡುತ್ತೇವೆಂದು ಎಲ್ಲರಿಗೂ ಮೊದಲೇ ಹೇಳಿರಬೇಕು, ಪತ್ತೇದಾರಿಕೆ ಬೇಡ.

ಯಾಕೆ ಸುಳ್ಳು ತುಂಬುತ್ತಾರೆ ಎಂಬುದರಲ್ಲಿ ನನಗೆ ಹೆಚ್ಚು ಆಸಕ್ತಿ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದರ ಸಾರ ನಮ್ಮ ಸಂಘಗಳಿಗೂ ಹೊಂದುತ್ತದೆ: ಅಳತೆಯೇ ಗುರಿಯಾದಾಗ ಅದು ಅಳತೆಯಾಗಿ ಉಳಿಯುವುದಿಲ್ಲ. 'ತಿಂಗಳಿಗೆ 20 ಸಭೆ ಆಗಲೇಬೇಕು' ಅಂದರೆ 20 ಸಹಿ ಪುಸ್ತಕ ಬರುತ್ತವೆ. ಹಬ್ಬದ ದಿನವೂ ಸಭೆ ನಡೆದಿರುತ್ತದೆ. '12 ಆಯಿತು, ಎಂಟು ಆಗಲಿಲ್ಲ, ಕಾರಣ ಇದು' ಎಂದು ಬರೆದವಳಿಗೆ ಬೈಗುಳ ಸಿಕ್ಕರೆ ಮುಂದಿನ ತಿಂಗಳು ಅವಳೂ 20 ಬರೆಯುತ್ತಾಳೆ. ತಾನು ಕೊಟ್ಟ ಅಂಕಿ ಎಲ್ಲಿ ಹೋಯಿತು, ಅದರಿಂದ ಏನಾಯಿತು ಎಂದು ಒಮ್ಮೆಯೂ ಕಾಣದವಳು ನಿಜ ಬರೆಯಲು ಯಾಕೆ ಒದ್ದಾಡಬೇಕು?

ಇದಕ್ಕೆ ದುಡ್ಡು ಎಲ್ಲಿಂದ ತರೂದು?

ಯೋಜನೆಯ ಬಜೆಟ್ಟಿನಲ್ಲಿ ಶೇ 5ರಿಂದ 10ರಷ್ಟು ಇಡುವುದು ರೂಢಿ. ಅರ್ಜಿ ಬರೆಯುವಾಗಲೇ ಬೇರೆ ಸಾಲಾಗಿ ಹಾಕಿ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ವಿದೇಶಿ ದೇಣಿಗೆಯಿದ್ದರೆ 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ವರದಿ ಬರೆದು ಸಲ್ಲಿಸುವ ಖರ್ಚು ಆ ಲೆಕ್ಕಕ್ಕೇ ಸೇರುತ್ತದೆ. ಕ್ಷೇತ್ರದ ಯಾವ ಖರ್ಚು ಎಲ್ಲಿ ಹೋಗಬೇಕೆಂದು ವರ್ಷದ ಶುರುವಿನಲ್ಲೇ ನಿಮ್ಮ ಆಡಿಟರ್ ಹತ್ತಿರ ಕೂತು ತೀರ್ಮಾನಿಸಿ. ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡಬೇಕಾದ ಹಣದಲ್ಲಿ ಕಡ್ಡಾಯ ಇಂಪ್ಯಾಕ್ಟ್ ಅಸೆಸ್‌ಮೆಂಟ್ ಬರುವುದು ದೊಡ್ಡವರಿಗೆ ಮಾತ್ರ: ಹಿಂದಿನ ಮೂರು ವರ್ಷದ ಸರಾಸರಿ ಸಿಎಸ್‌ಆರ್ ಹೊಣೆ 10 ಕೋಟಿ ರೂಪಾಯಿ ಮುಟ್ಟಿದ ಕಂಪನಿಯ, 1 ಕೋಟಿ ಮತ್ತು ಮೇಲ್ಪಟ್ಟ ಯೋಜನೆಗೆ, ಅದು ಮುಗಿದು ವರ್ಷವಾದ ಮೇಲೆ. ಅದನ್ನು ಮಾಡಿಸುವ ಹೊಣೆ ಕಂಪನಿಯದು.

## ಪಳಗಿದವರು ಕೇಳುವುದು

ಲಾಗ್‌ಫ್ರೇಮ್ ಬೇಕೋ, ಥಿಯರಿ ಆಫ್ ಚೇಂಜ್ ಬೇಕೋ? ಒಬ್ಬೊಬ್ಬ ದಾನಿ ಒಂದೊಂದು ಕೇಳ್ತಾರೆ.

ಯೋಜನೆಯ ಗುರಿ, ಕೆಲಸ, ಅಳತೆ, ಊಹೆಗಳನ್ನು ಒಂದೇ ಕೋಷ್ಟಕದಲ್ಲಿ ಇಡುವ ಲಾಗ್‌ಫ್ರೇಮ್ ಹುಟ್ಟಿದ್ದು 1969ರಲ್ಲಿ, ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ. ಯಾವ ಕೆಲಸದಿಂದ ಯಾವ ಬದಲಾವಣೆ ಹೇಗೆ ಬರುತ್ತದೆ ಎಂದು ಬಾಣ ಹಾಕಿ ತೋರಿಸುವ ಥಿಯರಿ ಆಫ್ ಚೇಂಜ್ ಎಂಬ ಮಾತು ಚಾಲ್ತಿಗೆ ಬಂದದ್ದು 1990ರ ದಶಕದಲ್ಲಿ, ಮೌಲ್ಯಮಾಪನ ತಜ್ಞೆ ಕ್ಯಾರಲ್ ವೈಸ್ ಅವರ 1995ರ ಬರಹದ ಹೊತ್ತಿಗೆ. ನಾನು ಗೋಡೆಯ ಮೇಲೆ ಎರಡನೆಯದನ್ನು ಮಾಡಿಸುತ್ತೇನೆ, ಕಡತಕ್ಕೆ ಮೊದಲನೆಯದನ್ನು. ಎರಡರಲ್ಲೂ ಎಲ್ಲರೂ ಅವಸರದಲ್ಲಿ ತುಂಬುವ ಒಂದು ಜಾಗವಿದೆ: 'ಊಹೆಗಳು'. ಕೆಲಸ ಮುರಿದು ಬೀಳುವುದು ಅಲ್ಲೇ.

ಅಘನಾಶಿನಿ ಹೊಳೆಯ ಗಜನಿ ಗದ್ದೆಗಳನ್ನು, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನು ತೆಗೆದುಕೊಳ್ಳಿ. ಉಪ್ಪುನೀರು ತಾಳುವ ಕಗ್ಗ ಭತ್ತವನ್ನು ಮತ್ತೆ ಬೆಳೆಸಬೇಕೆಂದು ಯೋಜನೆ. ಕಟ್ಟೆ ದುರಸ್ತಿ, ಬೀಜ ಹಂಚಿಕೆ, ನಂತರ ಬೆಳೆ, ನಂತರ ಆದಾಯ: ಬಾಣದ ಗುರುತುಗಳು ಚಂದ ಕಾಣುತ್ತವೆ. ಬಾಣಗಳ ನಡುವೆ ಕೂತ ಊಹೆಗಳು ಯಾವುವು? ಗದ್ದೆಗೆ ಹೊಳೆನೀರು ಬಿಡುವ, ತಡೆಯುವ ಜಂತ್ರಡಿ ಬಾಗಿಲನ್ನು ಯಾವಾಗ ತೆರೆಯಬೇಕು, ಮುಚ್ಚಬೇಕು ಎಂಬುದರಲ್ಲಿ ಭತ್ತದವರೂ ಸಿಗಡಿಯವರೂ ಒಪ್ಪುತ್ತಾರೆ. ಪಕ್ಕದ ಗದ್ದೆಯವನೂ ಬಿತ್ತುತ್ತಾನೆ, ಇಲ್ಲದಿದ್ದರೆ ಹಕ್ಕಿಯೆಲ್ಲ ನಿಮ್ಮ ಗದ್ದೆಗೇ. ಕೆಸರಿಗಿಳಿದು ಕೊಯ್ಯುವವರು ಸಿಗುತ್ತಾರೆ. ಈ ಮೂರರ ಮೇಲೆ ನಿಗಾ ಇಟ್ಟರೆ ಬೀಜದ ಕಿಲೋ ಲೆಕ್ಕಕ್ಕಿಂತ ಎಷ್ಟೋ ಮೊದಲೇ ನಿಮಗೆ ಸುದ್ದಿ ಸಿಗುತ್ತದೆ.

ಬದಲಾವಣೆ ಆಗಿದ್ದು ನಮ್ಮಿಂದಲೇ ಅಂತ ಹೇಳೂದು ಹೇಗೆ?

ಬಹುತೇಕ ಸಲ ಹೇಳಲಾಗುವುದಿಲ್ಲ, ಹೇಳಲೂಬಾರದು. ನಿಮ್ಮ ಜಾಗೃತಿ ಕಾರ್ಯಕ್ರಮ 2023ರಲ್ಲಿ ನಡೆಯಿತು, ತಾಲೂಕು ಆಸ್ಪತ್ರೆಗೆ ಹಳ್ಳಿಯ ಹೆಂಗಸರು ಬರುವುದು ಹೆಚ್ಚಾಯಿತು ಅಂದುಕೊಳ್ಳಿ. ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಹೆಚ್ಚಿದ್ದು ನಿಮ್ಮ ಮಾತಿನಿಂದಲೋ, ಟಿಕೆಟ್ಟಿನಿಂದಲೋ?

ನೀವು ಕೆಲಸ ಮಾಡದ, ಉಳಿದಂತೆ ಹೋಲುವ ಊರುಗಳ ಅಂಕಿ ಸಿಕ್ಕರೆ ಹೋಲಿಸಿ. ಬಸ್ಸೇ ಹೋಗದ ಊರುಗಳಲ್ಲೂ ಹೆಚ್ಚಾಗಿದೆಯೇ ನೋಡಿ. ಬಂದವರನ್ನೇ 'ಈ ಸಲ ಬರಲು ಏನು ಕಾರಣ' ಎಂದು ಕೇಳಿ, ನಿಮ್ಮ ಸಂಸ್ಥೆಯ ಹೆಸರು ಎತ್ತದೆ. ಚೀಟಿ ಎತ್ತಿ ಕೆಲವು ಊರಿಗೆ ಕಾರ್ಯಕ್ರಮ ಕೊಟ್ಟು, ಕೆಲವಕ್ಕೆ ಕೊಡದೆ ಹೋಲಿಸುವ ಪ್ರಯೋಗ ಪದ್ಧತಿಗೆ ದೊಡ್ಡ ಹೆಸರಿದೆ. ಅದನ್ನು ಬೆಳೆಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಮೈಕೆಲ್ ಕ್ರೇಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎಂಟು ಊರಿನ ಸಂಸ್ಥೆಗೆ ಅದು ಕೂಡಿಬರುವುದಿಲ್ಲ, ಊರಿನ ಸಂಖ್ಯೆಯೇ ಸಾಲದು. 'ನಮ್ಮದೂ ಪಾಲಿದೆ, ಇಂತಿಂಥ ಕಾರಣಕ್ಕೆ ಹಾಗೆ ಅನ್ನಿಸುತ್ತದೆ' ಎಂದು ಬರೆದರೆ ತಿಳಿದ ದಾನಿಗಳು ಒಪ್ಪುತ್ತಾರೆ.

ಅಂಕಿಗೆ ಸಿಗದ ಬದಲಾವಣೆ ಇರ್ತದಲ್ಲ?

ಇರುತ್ತದೆ. 1990ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ರಿಕ್ ಡೇವಿಸ್ ರೂಪಿಸಿದ 'ಅತಿ ಮಹತ್ವದ ಬದಲಾವಣೆ' ವಿಧಾನ ನನಗೆ ಇಷ್ಟ. ಮೂರು ತಿಂಗಳಿಗೊಮ್ಮೆ ಒಂದೇ ಪ್ರಶ್ನೆ: ಈ ಅವಧಿಯಲ್ಲಿ ನಿಮ್ಮ ಕಣ್ಣಿಗೆ ದೊಡ್ಡದಾಗಿ ಕಂಡ ಬದಲಾವಣೆ ಯಾವುದು, ಯಾಕೆ? ಬಂದ ಕಥೆಗಳನ್ನು ಎಲ್ಲರೂ ಕೂತು ಓದಿ ಒಂದನ್ನು ಆರಿಸಬೇಕು, ಆರಿಸಿದ ಕಾರಣ ಬರೆಯಬೇಕು. ಒಮ್ಮೆ ಕಚೇರಿಯವರು ಆರಿಸಿದ್ದು ಸಾಲ ತೀರಿಸಿದ ಕಥೆ. ಸಂಘದ ಹೆಂಗಸರು ಆರಿಸಿದ್ದು, ಗ್ರಾಮಸಭೆಯಲ್ಲಿ ಯಾವಾಗಲೂ ಬಾಗಿಲ ಹತ್ತಿರ ನಿಲ್ಲುತ್ತಿದ್ದ ಒಬ್ಬಾಕೆ ಖುರ್ಚಿ ಎಳೆದು ಕೂತಳು ಎಂಬ ಎರಡು ಸಾಲಿನ ಕಥೆ. ಇದರ ಮೇಲೆ ಒಂದು ಗಂಟೆ ಜಗಳವಾಯಿತು. ಆ ಜಗಳಕ್ಕಾಗಿಯೇ ಈ ವಿಧಾನ.

ಹೊರಗಿನವರು ಮೌಲ್ಯಮಾಪನಕ್ಕೆ ಬರ್ತಾರೆ. ಯಾವ ಊರಿಗೆ ಕರ್ಕೊಂಡು ಹೋಗೂದು?

ನೀವು ಆರಿಸಬೇಡಿ. ಅವರೇ ಪಟ್ಟಿಯಿಂದ ಚೀಟಿ ಎತ್ತಲಿ. ಬೆಳಿಗ್ಗೆ ಹುಬ್ಬಳ್ಳಿಯಿಂದ ಬಂದು ಸಂಜೆ ಹೋಗುವವರಾದರೆ ಕನಿಷ್ಠ ಎರಡು ರಾತ್ರಿ ಉಳಿಯುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿ, ಕರಡು ವರದಿಯನ್ನು ಊರಿನವರೆದುರು ಓದಿ ಹೇಳುವುದನ್ನೂ.

ಆಧಾರ್, ಫೋಟೊ, ಫೋನ್ ನಂಬರ್ ಎಲ್ಲ ತಗೊಳ್ಳಬಹುದಾ?

ಆಧಾರ್ ನಂಬರು ನಿಮ್ಮ ಸರ್ವೆಗೆ ಬೇಕಾಗುವುದಿಲ್ಲ, ತೆಗೆದುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಸ್ಥೆಗಳನ್ನು ಹೊರಗಿಟ್ಟಿಲ್ಲ. ಯಾಕೆ ಕೇಳುತ್ತಿದ್ದೇವೆಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು, ಬೇಡ ಅಂದರೆ ಅಳಿಸಬೇಕು. ಕಾಯಿಲೆಯ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವವರು ಈಗಲೂ ಇದ್ದಾರೆ. ದಯವಿಟ್ಟು ನಿಲ್ಲಿಸಿ.

ಎಂ ಅಂಡ್ ಇ ಆಫೀಸರ್ ಬಿಟ್ಟುಹೋದ್ರು, ಎಲ್ಲ ನಿಂತು ಹೋಯ್ತು. ಸಂಸ್ಥೆಯ ಅಭ್ಯಾಸವೇ ಆಗೂ ಹಾಗೆ ಮಾಡೂದು ಹೇಗೆ?

ಒಬ್ಬರ ಲ್ಯಾಪ್‌ಟಾಪಿನಲ್ಲಿದ್ದದ್ದು ಅವರ ಜೊತೆಗೇ ಹೋಗುತ್ತದೆ. ನಾನು ನೋಡಿದ ಮಟ್ಟಿಗೆ ಹೀಗೆ ಮಾಡಿದಲ್ಲಿ ಅಭ್ಯಾಸ ಉಳಿದುಕೊಂಡಿದೆ: ತಿಂಗಳ ಸಭೆಯ ಮೊದಲ ಅರ್ಧ ಗಂಟೆ ಅಂಕಿಗೆ, ಆಮೇಲೆ ಟಿಎ ಬಿಲ್ಲು, ಜೀಪು, ರಜೆ. ಉಲ್ಟಾ ಮಾಡಿದರೆ ಅಂಕಿಯ ಸರದಿ ಬರುವಷ್ಟರಲ್ಲಿ ಕೊನೇ ಬಸ್ಸಿನ ಹೊತ್ತಾಗಿರುತ್ತದೆ. ಒಂದೇ ಹಾಳೆ, ಐದಾರು ಅಂಕಿ, ಹಿಂದಿನ ತಿಂಗಳದ್ದು ಪಕ್ಕದಲ್ಲಿ. ಪ್ರತಿ ತಿಂಗಳು ಬೇರೆ ಬೇರೆ ಕಾರ್ಯಕರ್ತರು ಓದಬೇಕು, ನಿರ್ದೇಶಕರು ಕೊನೆಗೆ ಮಾತಾಡಬೇಕು.

ಅದರ ಪಕ್ಕ ಒಂದು ನಿರ್ಧಾರದ ಪುಸ್ತಕ. ದಿನಾಂಕ, ಯಾವ ಅಂಕಿ ನೋಡಿ, ಏನು ಬದಲಿಸಿದೆವು. ಮೂರು ತಿಂಗಳು ಆ ಪುಸ್ತಕ ಖಾಲಿ ಇದ್ದರೆ ಅಂಕಿ ಸಂಗ್ರಹವನ್ನೇ ಒಂದು ತಿಂಗಳು ನಿಲ್ಲಿಸಿ, ಯಾರಿಗೆ ಏನು ಕೊರತೆಯಾಯಿತು ನೋಡಿ ಎಂದು ಹೇಳುತ್ತೇನೆ. ಒಂದು ಕಡೆ ನಿಜವಾಗಿಯೂ ನಿಲ್ಲಿಸಿದರು. ಕಚೇರಿಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಹೊಳೆಯಲ್ಲಿ ಬೆಳಚು (ತಿನ್ನುವ ಚಿಪ್ಪಿ) ಆರಿಸುವ ಹೆಂಗಸರ ಸಂಘದಿಂದ ಮಾತ್ರ ಫೋನ್ ಬಂತು: ಪ್ರತಿ ತಿಂಗಳು ಬುಟ್ಟಿ ಲೆಕ್ಕ ಬರೆದುಕೊಂಡು ಹೋಗುತ್ತಿದ್ದಿರಿ, ಈ ಸಲ ಯಾಕೆ ಬರಲಿಲ್ಲ, ಹೋದ ವರ್ಷ ಇದೇ ತಿಂಗಳು ಎಷ್ಟು ಬುಟ್ಟಿ ಸಿಕ್ಕಿತ್ತು ಅಂತ ನಮಗೆ ಬೇಕಿತ್ತು. ಆ ಲೆಕ್ಕದ ಪುಸ್ತಕ ಈಗ ಸಂಘದ ಪೆಟ್ಟಿಗೆಯಲ್ಲೇ ಇರುತ್ತದೆ. ವರದಿ ಬರೆಯುವಾಗ ಕಚೇರಿಯವರು ಹೋಗಿ ಕೇಳಿ ತರುತ್ತಾರೆ.